ತೋಳು ನೋಡಿದೆ, ಮುಖ ನೋಡಲಿಲ್ಲ

ಈ ಕೆಲಸಕ್ಕೆ ಸೇರಿದ ಮೂರನೇ ವಾರಕ್ಕೇ ನನ್ನ ಹುಬ್ಬು ಒಡೆಯಿತು. ಶಹಾಪುರದ ಆಚೆ ಒಂದು ಹಳ್ಳಿಯ ಶಾಲೆಯ ಕಟ್ಟೆ ಮೇಲೆ ಟೇಬಲ್ ಹಾಕಿ ಸೂಜಿ, ಹತ್ತಿ, ನಳಿಕೆಗಳನ್ನು ಜೋಡಿಸಿಕೊಂಡಿದ್ದೆ. ಇನ್ನೂ ಒಬ್ಬರ ತೋಳಿಗೂ ಪಟ್ಟಿ ಬಿಗಿದಿರಲಿಲ್ಲ, ಅಷ್ಟರಲ್ಲಿ ಕಲ್ಲು ಬಂತು. ರಕ್ತ ಕದ್ದು ಮಾರುವವರು ಬಂದಿದ್ದಾರೆ ಎಂಬ ಸುದ್ದಿ ನಮ್ಮ ಜೀಪಿಗಿಂತ ಮೊದಲೇ ಆ ಊರು ಮುಟ್ಟಿತ್ತು. ಅವತ್ತು ಐಸ್ ಡಬ್ಬಿ ಒಡೆದರು, ಟೇಬಲ್ಲಿನ ಕಾಲು ಮುರಿದರು, ಡ್ರೈವರನ ಅಂಗಿ ಹರಿದರು. ಹುಬ್ಬಿಗೆ ಹತ್ತಿ ಒತ್ತಿಕೊಂಡು ಜೀಪಿನೊಳಗಿಂದ ನಾನು ಬೈದ ಬೈಗುಳಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ನಾನು ಹುಟ್ಟಿದ್ದು ಸುರಪುರದ ರಂಗಂಪೇಟೆಯಲ್ಲಿ. ಬೈಗುಳ ಕಲಿಯಲು ಇನ್ನೊಬ್ಬರ ಮನೆಗೆ ಹೋಗಬೇಕಾಗಿರಲಿಲ್ಲ.

ನನ್ನ ಕೆಲಸ ಕೇಳಲು ಸರಳ. ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿದು ಬರುವ ರಕ್ತದ ಕಾಯಿಲೆಗಳ ಬಗ್ಗೆ ದೂರದ ಊರೊಂದರಲ್ಲಿ ಸಂಶೋಧನೆ ನಡೆದಿತ್ತು. ಅದಕ್ಕೆ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ರಕ್ತ ಬೇಕಿತ್ತು. ಕಾಯಿಲೆಯ ಮಗು ಇರುವ ಮನೆಯಲ್ಲಿ ಅಪ್ಪನದು, ಅಮ್ಮನದು, ಮಗುವಿನದು, ಮೂರೂ ಬೇಕು. ನಾನು ರಕ್ತ ತೆಗೆದು ನಳಿಕೆಗೆ ನಂಬರು ಅಂಟಿಸಿ, ಸಂಜೆ ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಹಾಕಿದರೆ ಮುಗಿಯಿತು. ಯಾರನ್ನೂ ಒತ್ತಾಯ ಮಾಡುವಂತಿಲ್ಲ. ಒಪ್ಪಿಗೆ ಪತ್ರದ ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ "ಸ್ವಯಂಪ್ರೇರಿತ" ಎಂದು ಬರೆದಿತ್ತು. ಆ ಪದವನ್ನು ನಾನು ದಿನಕ್ಕೆ ಐವತ್ತು ಸಲ ಓದಿ ಹೇಳುತ್ತಿದ್ದೆ. ಜನ ಹೆಬ್ಬೆಟ್ಟು ಒತ್ತುತ್ತಿದ್ದರು.

ಒತ್ತುತ್ತಿದ್ದವರು ಹೆಚ್ಚಾಗಿ ಹೆಂಗಸರು. ಗಂಡಸರಿಗೆ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಕುರಿ ಕೊಯ್ಯುವಾಗ ಕಣ್ಣು ಮಿಟುಕಿಸದವನು ನನ್ನ ಟೇಬಲ್ಲಿನ ಮುಂದೆ ಧೊಪ್ಪೆಂದು ಬಿದ್ದದ್ದನ್ನು ನೋಡಿದ್ದೇನೆ. ಎರಡು ಚಮಚ ರಕ್ತ ಹೋದರೆ ಮೈಯ ಕಸುವೆಲ್ಲ ಹೋಗುತ್ತದೆ ಎಂದು ಅವರ ನಂಬಿಕೆ. ಬಾಯಿ ಬಿಟ್ಟು ಹೇಳದ ಇನ್ನೊಂದು ಭಯವೂ ಇತ್ತು. ರಾತ್ರಿಯ ಕಸುವೂ ಹೋದರೆ? ಅದಕ್ಕೇ ಹೊಲಕ್ಕೆ ಹೋಗ್ಯಾರ, ಸಂತಿಗೆ ಹೋಗ್ಯಾರ ಎಂದು ಹೆಂಡಂದಿರ ಬಾಯಲ್ಲಿ ಹೇಳಿಸಿ ಮನೆಯ ಹಿಂದೆ ಕೂತಿರುತ್ತಿದ್ದರು.

ಶಹಾಪುರ, ಸುರಪುರದ ನಡುವಿನ ಆ ಊರಿನ ಹೆಸರು ಬೇಡ. ಕಾಲುವೆ ನೀರಿನ ಊರು, ಭತ್ತ ಮತ್ತು ಹತ್ತಿ. ಅಲ್ಲಿ ನಾಲ್ಕು ವರ್ಷದ ಒಂದು ಹುಡುಗಿಗೆ ಥಲಸ್ಸೇಮಿಯಾ ಇತ್ತು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ಯಾದಗಿರಿಗೆ ಕರೆದೊಯ್ದು ಬೇರೆಯವರ ರಕ್ತ ಹಾಕಿಸಬೇಕು. ಹಾಕಿಸದಿದ್ದರೆ ಮಗು ಬಿಳಿಚಿಕೊಂಡು, ಉಸಿರು ಎಳೆಯತೊಡಗಿ, ಹೋಗಿಬಿಡುತ್ತದೆ. ಅದರಲ್ಲಿ ಎರಡು ಮಾತಿಲ್ಲ.

ಮಗುವಿನ ಅಪ್ಪ ಶಹಾಪುರದ ಹತ್ತಿ ಮಿಲ್ಲಿಗೆ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಅವನ ಅವ್ವ ತನ್ನ ಸ್ವಂತ ತಮ್ಮನ ಮಗಳನ್ನೇ ಸೊಸೆಯಾಗಿ ತಂದುಕೊಂಡಿದ್ದಳು. ನಮ್ಮ ಕಡೆ ಇದೇನು ಹೊಸದಲ್ಲ, ಮನೆಯ ಹೆಣ್ಣು ಮನೆಯಲ್ಲೇ ಉಳಿಯಲಿ ಎಂದು ಹೆಮ್ಮೆಯಿಂದ ಮಾಡುತ್ತಾರೆ. ಮಗುವಿಗೆ ಕಾಯಿಲೆ ಎಂದು ಗೊತ್ತಾದ ದಿನದಿಂದ ಅದೇ ಸೋದರತ್ತೆ ಸೊಸೆಗೆ ಶನಿಯಾಗಿದ್ದಳು. "ಇಕಿ ಹೊಟ್ಟಿನೇ ಕೆಟ್ಟದ್ದು" ಎಂದು ಬಾವಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಗುಡಿಯ ಮುಂದೆ ಸಾರುತ್ತಿದ್ದಳು. ಒಂದಲ್ಲ ಒಂದು ನೆಪಕ್ಕೆ ಗಂಡ ಬಡಿಯುತ್ತಿದ್ದ. ಜತೆಗೆ ಒಬ್ಬ ಮೈದುನ ಇದ್ದ, ಮಾತು ಕಡಿಮೆ, ಕಾಲುವೆಯಲ್ಲಿ ಮೀನು ಹಿಡಿದು ಮಾರುವವನು.

ಶಿಬಿರದ ದಿನ ಆ ಸೊಸೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು, ಹಿಂದೆ ಅತ್ತೆ. ಪಟ್ಟಿ ಬಿಗಿಯಲು ಕುಪ್ಪಸದ ತೋಳು ಮೇಲೆ ಸರಿಸಿದೆ. ಕಂದಿದ ಕಲೆಗಳು, ಒಂದರ ಪಕ್ಕ ಒಂದು, ಬೆರಳಿನಗಲ.

"ಇದೇನವಾ?" ಎಂದೆ.

"ಬಾಗಿಲಿಗಿ ಬಡಸ್ಕೊಂಡೇನ್ರಿ."

"ನಿಮ್ಮ ಮನಿ ಬಾಗಿಲಕ್ಕ ಐದು ಬಟ್ಟು ಅವ ಏನು?"

ಅವಳು ನೆಲ ನೋಡಿದಳು. ಅತ್ತೆ ನನ್ನನ್ನು ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ನಮ್ಮವ್ವನಿಗೆ ಹೊಡೆಯುತ್ತಿದ್ದ ಸದ್ದು ಕೇಳಿ ಬೆಳೆದವಳು ನಾನು. ಆ ಕಲೆಗಳ ಬಣ್ಣ ನೋಡಿಯೇ ಅವು ಎಷ್ಟು ದಿನದವು ಎಂದು ಹೇಳಬಲ್ಲೆ. ಬೈಯಲು ಬಾಯಿ ತುರಿಸಿತು. ಆದರೆ ಬೈದರೆ ಮನೆಗೆ ಹೋದ ಮೇಲೆ ಅದರ ಫಲ ಉಣ್ಣುವವಳು ಅವಳು. ಹಾಗಾಗಿ ಪಾಠ ಹೇಳಿದೆ. ಚೀಲದಿಂದ ಚಿತ್ರದ ಹಾಳೆ ತೆಗೆದು ಅತ್ತೆಯ ಮುಂದೆ ಹರಡಿ, ಈ ಕಾಯಿಲೆ ತಾಯಿಯ ಹೊಟ್ಟೆಯಿಂದ ಬರುವುದಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅಪ್ಪನಲ್ಲಿ ಅರ್ಧ ದೋಷ, ಅಮ್ಮನಲ್ಲಿ ಅರ್ಧ ದೋಷ. ಅವರಿಬ್ಬರಿಗೂ ಏನೂ ಆಗುವುದಿಲ್ಲ, ಗಟ್ಟಿಯಾಗೇ ಇರುತ್ತಾರೆ. ಎರಡೂ ಅರ್ಧ ಕೂಡಿದ ಮಗುವಿಗೆ ಮಾತ್ರ ಕಾಯಿಲೆ.

ಅತ್ತೆ ದಡ್ಡಿಯಲ್ಲ. ಹಾಳೆಯ ಮೇಲೆ ಬೆರಳಾಡಿಸಿ ಕೇಳಿದಳು. "ಅಂದ್ರ ಇಬ್ಬರದೂ ರಕ್ತ ಹಂಗಿದ್ರ ಮಾತ್ರ ಬರ್ತದೇನ್ರಿ?"

"ಹೌದ್ರಿ ಅಮ್ಮಾ. ಇಬ್ಬರಿಂದನೂ ಬರಬೇಕು."

"ಒಬ್ಬರಿಂದ ಬರಂಗೇ ಇಲ್ಲ?"

"ಬರಂಗೇ ಇಲ್ರಿ."

ಅವಳು ತಲೆಯಾಡಿಸಿದಳು. ಸೊಸೆ ಮೊದಲ ಬಾರಿಗೆ ತಲೆ ಎತ್ತಿದಳು. ಒಳ್ಳೆಯ ಮೇಷ್ಟರ ಹಾಗೆ ಉಬ್ಬಿದೆ ನಾನು. ಸೊಸೆಯನ್ನು ಬಿಡಿಸಲೆಂದು ಹೇಳಿದ ಪಾಠ ಅದು.

ಮಧ್ಯಾಹ್ನ ಅತ್ತೆ ಸೊಸೆ ಹೋದ ಮೇಲೆ ಮಗುವಿನ ಅಪ್ಪ ಬಂದ. ಬಂದ ಎಂದು ನಾನು ತಿಳಿದೆ. ಸಾಲು ಬಾಗಿಲಿನಾಚೆ ಬಿಸಿಲಿನವರೆಗೂ ಇತ್ತು. ಹೆಸರು ಕೇಳಿದೆ, ಹೇಳಿದ. ಆಧಾರ್ ಕಾರ್ಡಿನ ಝೆರಾಕ್ಸ್ ಕೊಟ್ಟ. ಅದರಲ್ಲಿ ನಂಬರು ನೋಡಿ ಬರೆದುಕೊಂಡೆ, ಫೋಟೋ ನೋಡಲಿಲ್ಲ. ಈ ಕೆಲಸ ಮಾಡುವ ನನ್ನಂಥವರಿಗೆ ಒಂದು ಚಟವಿದೆ. ಕುರ್ಚಿಯಲ್ಲಿ ಕೂತವರ ಮುಖಕ್ಕೆ ಕಣ್ಣು ಹೋಗುವುದೇ ಇಲ್ಲ, ನೇರ ತೋಳಿಗೆ ಹೋಗುತ್ತದೆ. ಮುಖ ಮರೆಯುತ್ತೇನೆ, ತೋಳು ಮರೆಯುವುದಿಲ್ಲ. ಅವನ ಎಡ ಮೊಣಕೈಯ ಒಳಗಡೆ ಹಳೆಯ ಸುಟ್ಟ ಗಾಯವಿತ್ತು, ಅಂಗೈಯಗಲ. ಅಲ್ಲಿ ಚರ್ಮ ನುಣ್ಣಗಾಗಿ ಸೂಜಿ ಜಾರಿ, ಎರಡನೇ ಸಲ ಚುಚ್ಚಬೇಕಾಯಿತು. ಅವನು ಹಲ್ಲು ಕಚ್ಚಿ ಕೂತಿದ್ದ. ಗಂಡಸಾಗಿ ಇಷ್ಟಾದರೂ ಧೈರ್ಯ ಮಾಡಿದನಲ್ಲ ಎಂದುಕೊಂಡೆ.

ಶಿಬಿರದಲ್ಲೇ ಮಾಡುವ ಒಂದು ಸಣ್ಣ ಪರೀಕ್ಷೆ ಇತ್ತು. ಗಾಜಿನ ನಳಿಕೆಯಲ್ಲಿ ಅಳತೆಯ ಉಪ್ಪುನೀರು ಹಾಕಿ ಒಂದು ಹನಿ ರಕ್ತ ಬಿಡುವುದು. ಅರ್ಧ ಗಂಟೆಯ ನಂತರ, ಕಪ್ಪು ಗೆರೆ ಎಳೆದ ಬಿಳಿ ಕಾಗದದ ಮುಂದೆ ಹಿಡಿಯುವುದು. ನೀರು ತಿಳಿಯಾಗಿ ಗೆರೆ ಕಂಡರೆ ಸರಿ. ನೀರು ಕದಡಿ ಗೆರೆ ಮಾಯವಾದರೆ ಆ ರಕ್ತದಲ್ಲಿ ದೋಷವಿರಬಹುದು, ಖಾತ್ರಿಗೆ ದೊಡ್ಡ ಯಂತ್ರ ಬೇಕು. ಅವನ ನಳಿಕೆಯಲ್ಲಿ ಗೆರೆ ಸ್ವಚ್ಛ ಕಂಡಿತು. ಕಾಯಿಲೆಯ ಮಗುವಿನ ಅಪ್ಪನ ನಳಿಕೆಯಲ್ಲಿ ಗೆರೆ ಹಾಗೆ ಕಾಣಬಾರದು. ಆದರೆ ನನ್ನ ಮುಂದೆ ಇದ್ದದ್ದು ಬರೀ ನಂಬರುಗಳು. ಬರೆದುಕೊಂಡು ತೊಳೆದಿಟ್ಟೆ.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು, ಒಬ್ಬೊಬ್ಬರಿಗೆ ಒಂದೊಂದು ಲಕೋಟೆ. ನಿಯಮ ಎರಡಿದ್ದವು. ಕೊಡುವ ಮೊದಲು ಒಂದು ಮನೆಯ ಮೂರೂ ಹಾಳೆಗಳನ್ನು ಕೂಡಿಸಿ ಓದಬೇಕು, ತಾಳೆಯಾಗದಿದ್ದರೆ ನಿಲ್ಲಿಸಬೇಕು. ಅವರವರ ಲಕೋಟೆ ಅವರವರ ಕೈಗೇ ಕೊಡಬೇಕು. ಅವತ್ತು ನನ್ನ ಚೀಲದಲ್ಲಿ ಸೂಜಿ, ಉಪ್ಪುನೀರು, ನಳಿಕೆಗಳ ಜತೆ ನಾಲ್ಕು ಊರಿನ ಲಕೋಟೆಗಳಿದ್ದವು, ಮಾರ್ಚಿನ ಬಿಸಿಲು ಬೆಳಿಗ್ಗೆಯೇ ಸುಡುತ್ತಿತ್ತು. ಮೂರು ಹಾಳೆ ಕೂಡಿಸಿ ಓದಲಿಲ್ಲ. ಮನೆಗೆ ಹೋದಾಗ ಸೊಸೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಡಸಾಲೆಯಲ್ಲಿ ಅತ್ತೆ ಕೈ ಚಾಚಿದಳು. ನಮ್ಮಲ್ಲಿ ಮನೆಗೆ ಬಂದ ಕಾಗದ ಯಾವುದೇ ಇರಲಿ ಹಿರಿಯರ ಕೈಗೆ ಕೊಡುವುದು ರೂಢಿ. ಮೂರೂ ಅವಳ ಕೈಗಿಟ್ಟು, "ಮುಂದಿನ ವಾರ ಡಾಕ್ಟರ್ ಬರ್ತಾರ, ತಿಳಿಸಿ ಹೇಳ್ತಾರ" ಎಂದು ಮುಂದಿನ ಓಣಿಗೆ ನಡೆದೆ.

ಎರಡು ಓಣಿಯ ಲಕೋಟೆ ಹಂಚಿ ಮುಗಿಸಿದ್ದೆ. ಚೀರಾಟ ಕೇಳಿತು. ಯಾವ ಮನೆಯಿಂದ ಎಂದು ಯಾರನ್ನೂ ಕೇಳದೆ ಹಿಂದಕ್ಕೆ ಓಡಿದೆ. ನನಗೆ ಗೊತ್ತಿತ್ತು.

ಅಂಗಳದ ಗೋಡೆಯ ಮೇಲೆ ಹತ್ತು ಹನ್ನೆರಡು ಗಂಡಸರು ಸಾಲಾಗಿ ಕೂತಿದ್ದರು. ಒಬ್ಬರೂ ಕೆಳಗೆ ಇಳಿದಿರಲಿಲ್ಲ. ಟೆಂಪೋದವನು ಹೆಂಡತಿಯ ಜಡೆಯನ್ನು ಎಡಗೈಗೆ ಸುತ್ತಿಕೊಂಡಿದ್ದ. ಬಲಗೈಯಲ್ಲಿ ಟೆಂಪೋದ ಹಳೆಯ ಫ್ಯಾನ್ ಬೆಲ್ಟು. ಅದು ಬೀಳುವ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗಿತ್ತು. ಅವಳ ಬೆನ್ನ ಮೇಲೆ ಕುಪ್ಪಸ ಹರಿದು, ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ಮೈದುನ ಕಂಬ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಮಗು ಮಂಚದ ಕೆಳಗೆ ಸೇರಿಕೊಂಡು, ಅಳಲು ಕಸುವಿಲ್ಲದೆ ಬಾಯಿ ತೆರೆದು ಕೂತಿತ್ತು. ಮರುದಿನ ಅದಕ್ಕೆ ರಕ್ತ ಹಾಕಿಸುವ ದಿನ.

ಅತ್ತೆ ನನ್ನ ಮುಖಕ್ಕೆ ಕಾಗದ ಹಿಡಿದಳು.

"ನೀವೇ ಹೇಳೀರಿ, ಒಬ್ಬರಿಂದ ಬರಂಗಿಲ್ಲಂತ. ಓದಿಸಿ ಕೇಳೇನಿ, ನನ್ನ ಮಗನ ರಕ್ತ ಚೊಕ್ಕ ಅದ ಅಂತ ನಿಮ್ಮ ಕಾಗದನೇ ಹೇಳ್ತದ. ಇಕಿದು ಕೆಟ್ಟದ. ಹಂಗಾರ ಈ ಪೋರಿ ಯಾರಿಗಿ ಹುಟ್ಟ್ಯಾದ ಹೇಳ್ರಿ."

ನನ್ನ ಪಾಠವನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸಿದ್ದಳು.

"ನಾಳಿ ಯಾದಗಿರಿಗಿ ಇಲ್ಲ, ಎಲ್ಲಿಗೂ ಇಲ್ಲ" ಎಂದ ಗಂಡ, ಏದುಸಿರು ಬಿಡುತ್ತ. "ಯಾರ ಪೋರಿನೋ ಅದು. ಸತ್ತರ ಸಾಯಲಿ. ಇಕಿನೂ ಇವತ್ತ ಸಾಯ್ತಾಳ."

ಮತ್ತೆ ಬೆಲ್ಟು ಎತ್ತಿದ. ನಾನು ನಡುವೆ ಬಿದ್ದೆ. ಏಟು ನನ್ನ ಹೆಗಲಿಗೆ ಬಿತ್ತು, ಕಣ್ಣು ಕತ್ತಲಾಯಿತು. ಬೀಳದಿರಲೆಂದು ಕೈಗೆ ಸಿಕ್ಕದ್ದನ್ನು ಗಟ್ಟಿಯಾಗಿ ಹಿಡಿದೆ. ಹಿಡಿದದ್ದು ಜಡೆ ಸುತ್ತಿಕೊಂಡಿದ್ದ ಅವನ ಎಡಗೈಯನ್ನು. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು. ಮೊಣಕೈಯ ಒಳಭಾಗ ನನ್ನ ಕಣ್ಣಿನ ಮುಂದೆಯೇ ಇತ್ತು. ಅಲ್ಲಿ ಸುಟ್ಟ ಗಾಯ ಇರಲಿಲ್ಲ. ಹುಟ್ಟಿದಾಗಿನಿಂದ ಒಂದು ಗೀರೂ ಬೀಳದ ತೋಳು.

"ಈ ಕೈಗಿ ನಾ ಸೂಜಿ ಹಾಕಿಲ್ಲ" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ, ಗೋಡೆಯ ಮೇಲಿನವರಿಗೂ ಕೇಳುವ ಹಾಗೆ. "ನಾ ರಕ್ತ ತಗೊಂಡ ಕೈ ಇದಲ್ಲ. ಆ ಕೈಯಾಗ ಸುಟ್ಟ ಗಾಯ ಅದ. ಅವತ್ತ ಕುರ್ಚಿ ಮ್ಯಾಲ ಕುಂತಾಂವ ಯಾರು?"

ಮೈದುನ ಕಂಬ ಬಿಟ್ಟ. ಮಾತಾಡದೆ ಎಡಗೈ ತೋಳು ಸರಿಸಿ ಎಲ್ಲರಿಗೂ ಕಾಣುವಂತೆ ಚಾಚಿದ. ಅಂಗೈಯಗಲದ ಗಾಯ.

ಗಂಡ ನಾಚಲೂ ಇಲ್ಲ, ಹೆದರಲೂ ಇಲ್ಲ. ನನ್ನನ್ನೇ ದಡ್ಡಿ ಎಂಬಂತೆ ನೋಡಿದ.

"ಹೌದು, ನಾನೇ ಕಳಿಸೇನಿ. ನನಗ ಟೆಂಪೋ ಹೊಡೀಬೇಕು, ರಕ್ತ ಕೊಟ್ಟು ಕಸುವು ಕಳಕೊಂಡು ಕೂಡಾಕ ಆಗ್ತದೇನು? ತಮ್ಮ ಕೊಟ್ಟರೇನು, ನಾ ಕೊಟ್ಟರೇನು? ಒಂದೇ ಅವ್ವನ ಹೊಟ್ಟ್ಯಾಗ ಹುಟ್ಟೀವಿ. ಇಬ್ಬರದೂ ಒಂದೇ ರಕ್ತ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಗೋಡೆಯ ಮೇಲಿನ ಇಬ್ಬರು ಹೌದು ಎಂದು ತಲೆಯಾಡಿಸಿದರು. ಒಡಹುಟ್ಟಿದವರದು ಒಂದೇ ರಕ್ತ ಎಂದು ದಿನಾ ಬಾಯಲ್ಲಿ ಆಡುವ ಮಾತನ್ನು ಅವನು ನನ್ನ ನಳಿಕೆಯೊಳಗೂ ಹಾಕಿದ್ದ. ಆ ಮಾತಿಗೇ ಇವಳ ಬೆನ್ನು ಸುಲಿದಿತ್ತು.

"ಒಂದೇ ಹೆಂಚಿನ ಮ್ಯಾಲ ಹಾಕಿದ ರೊಟ್ಟಿ ಎಲ್ಲಾ ಒಂದೇ ಥರಾ ಉಬ್ಬತಾವೇನೋ?" ಎಂದೆ. "ಅಪ್ಪ ಅವ್ವನ ದೋಷ ಒಬ್ಬ ಮಗಗ ಬರ್ತದ, ಒಬ್ಬಗ ಬರಂಗಿಲ್ಲ. ನಿನ್ನ ತಮ್ಮಗ ಬಂದಿಲ್ಲ. ನಿನಗ ಬಂದದೇನು ಅಂತ ನಿನ್ನ ರಕ್ತಾನೇ ಹೇಳಬೇಕು. ಕೈ ಕೊಡು."

"ಕೊಡಂಗಿಲ್ಲ."

ಆಗ ಗೋಡೆಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದರು. ಅಷ್ಟು ಹೊತ್ತು ಒಂದು ಹೆಣ್ಣು ಸಾಯುವುದನ್ನು ಕೂತು ನೋಡಿದವರು, ಈಗ ತಮಾಷೆ ಬೇರೆ ಕಡೆ ತಿರುಗಿತೆಂದು ಇಳಿದರು. "ನಾವು ಹಿಡೀತೀವ್ರಿ ಅಕ್ಕಾರ, ನೀವು ಚುಚ್ಚರಿ" ಎಂದರು. ಅವರ ಮುಖದ ಮೇಲೆ ಉಗಿಯಬೇಕು ಎನ್ನಿಸಿತು. ಉಗಿಯಲಿಲ್ಲ. ಅವರ ಕೈ ಬೇಕಿತ್ತು. ಮೊದಲು ಹಿಂದಿನಿಂದ ಬಂದು ಅಣ್ಣನನ್ನು ತಬ್ಬಿ ಹಿಡಿದವನು ಮೈದುನ. ಆಮೇಲೆ ನಾಲ್ವರು ಸೇರಿದರು. ಅವನು ಒದ್ದ, ಕಚ್ಚಿದ, ಒಬ್ಬನ ತುಟಿ ಒಡೆಯಿತು. ಕೊನೆಗೆ ನೆಲಕ್ಕೆ ಕೆಡವಿ ಮುಂಗೈ ಒತ್ತಿ ಹಿಡಿದರು.

ಅವನು ಬ್ಯಾಡ ಎಂದ. ಮೂರು ಸಲ ಎಂದ. ನಾನು ಬೆರಳು ಚುಚ್ಚಿದೆ. ಬೇಕಾದದ್ದಕ್ಕಿಂತ ಆಳವಾಗಿ ಚುಚ್ಚಿದೆ. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದದ್ದು ಇಂಚಿನ ಕಾಲು ಭಾಗದ ಸೂಜಿ, ಅದು ಕುಡುಗೋಲಾಗಿದ್ದರೂ ಅಷ್ಟೇ ಸಲೀಸಾಗಿ ಇಳಿಸುತ್ತಿದ್ದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಹನಿಯನ್ನು ಉಪ್ಪುನೀರಿಗೆ ಬಿಟ್ಟು ನಳಿಕೆಯನ್ನು ತುಳಸಿ ಕಟ್ಟೆಯ ಮೇಲೆ ನಿಲ್ಲಿಸಿದೆ. ಆಮೇಲೆ ನನಗೆ ಅವಳ ನೆನಪಾಯಿತು. ಆಮೇಲೆ. ಜೀಪು ಪಕ್ಕದ ಊರಿಗೆ ಹೋಗಿತ್ತು, ಡ್ರೈವರನಿಗೆ ಫೋನ್ ಮಾಡಬೇಕೆಂದು ಹೊಳೆದದ್ದೂ ಆಗಲೇ. ಹತ್ತಿಯಿಂದ ಅವಳ ಕಿವಿ ಒತ್ತಿ, ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಕಣ್ಣು ಮುಚ್ಚಿ ಒಂದೇ ಮಾತು ಕೇಳಿದಳು.

"ನಾಳಿ ಪೋರಿಗಿ ರಕ್ತ ಹಾಕಸ್ತೀರೇನ್ರಿ ಅಕ್ಕಾ?"

"ಹಾಕಸ್ತೀನಿ" ಎಂದೆ. ಆದರೆ ನನ್ನ ಕಣ್ಣು ನಳಿಕೆಯ ಮೇಲೇ ಇತ್ತು.

ಅರ್ಧ ಗಂಟೆ. ಅಂಗಳದಲ್ಲಿ ಇಪ್ಪತ್ತು ಜನ. ಗಂಡ ಇಬ್ಬರ ಮೊಣಕಾಲ ಕೆಳಗೆ ಬಿದ್ದು ಬೈಯುತ್ತಿದ್ದ. ನಳಿಕೆ ಎತ್ತಿ ಗೆರೆಯ ಕಾಗದದ ಮುಂದೆ ಹಿಡಿದೆ. ಮಜ್ಜಿಗೆಗೆ ಕೆಂಪು ಬೆರೆಸಿದ ಹಾಗೆ ಕದಡಿ ನಿಂತಿತ್ತು ನೀರು. ಗೆರೆ ಇರಲಿಲ್ಲ. ಪಕ್ಕದಲ್ಲೇ ಬರೀ ಉಪ್ಪುನೀರಿನ ಇನ್ನೊಂದು ನಳಿಕೆ ಹಿಡಿದೆ, ಅದರಲ್ಲಿ ಗೆರೆ ಕಪ್ಪಗೆ ಕಂಡಿತು. ಒಬ್ಬೊಬ್ಬರ ಹತ್ತಿರ ಒಯ್ದು ತೋರಿಸಿದೆ. ಗೋಡೆಯಿಂದ ಇಳಿದವರಿಗೆ ಮೂಗಿಗೆ ತಾಗುವ ಹಾಗೆ ತೋರಿಸಿದೆ. ಕೊನೆಗೆ ಅತ್ತೆಯ ಮುಂದೆ ಹಿಡಿದೆ.

"ಗೆರಿ ಕಾಣ್ತದೇನ್ರಿ ಅಮ್ಮಾ?"

ಅವಳು ಬಹಳ ಹೊತ್ತು ನೋಡಿದಳು. ಕಾಣುವುದಿಲ್ಲ ಎಂದು ತಲೆಯಾಡಿಸಿದಳು. ಪೋರಿ ನನ್ನ ಮಗನದೇ ಎಂದು ಬಾಯಲ್ಲಿ ಹೇಳಲಿಲ್ಲ. ಕಾಲಿನ ಚಪ್ಪಲಿ ತೆಗೆದು ನೆಲದ ಮೇಲಿದ್ದ ಮಗನ ಮುಖಕ್ಕೆ ಬಡಿದಳು. ಒಂದು, ಎರಡು, ಐದು. ತಡೆಯುವವರು ಯಾರೂ ಇರಲಿಲ್ಲ, ನಾನೂ ತಡೆಯಲಿಲ್ಲ. ಆ ಸದ್ದು ನನಗೆ ಹಿತವಾಗಿತ್ತು.

ಚಪ್ಪಲಿ ಬಿಸಾಕಿ ನನ್ನ ಹತ್ತಿರ ಬಂದು ಅವಳು ಬೆರಳು ಚಾಚಿದಳು. "ನಂದೂ ನೋಡ್ರಿ."

ಆ ಮನೆಯಲ್ಲಿ ತಾನಾಗಿ ಕೈ ಕೊಟ್ಟವಳು ಆ ಮುದುಕಿಯೊಬ್ಬಳೇ. ಚುಚ್ಚಿದೆ. ಅಷ್ಟರಲ್ಲಿ ಜೀಪು ಬಂತು. ಶಹಾಪುರದ ಆಸ್ಪತ್ರೆಯ ದಾರಿಯುದ್ದಕ್ಕೂ ಸೊಸೆ ನನ್ನ ತೊಡೆಯ ಮೇಲೆ ಮಲಗಿದ್ದಳು, ಮಗುವನ್ನು ಮೈದುನ ಎದೆಗವಚಿಕೊಂಡಿದ್ದ. ಎದುರು ಸೀಟಿನಲ್ಲಿ ಅತ್ತೆ ತನ್ನ ನಳಿಕೆಯನ್ನು ದೀಪ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಶಹಾಪುರ ಹತ್ತಿರ ಬಂದಾಗ ಗೆರೆಯ ಕಾಗದ ಕೇಳಿದಳು. ಕೊಟ್ಟೆ. ನೋಡಿದಳು. ಗೆರೆ ಕಾಣಲಿಲ್ಲ.

"ನನ್ನಿಂದ ಮಗಗ" ಎಂದಳು, ನನಗಲ್ಲ, ತನಗೆ. "ನನ್ನ ತಮ್ಮನಿಂದ ಇಕಿಗಿ. ಎಲ್ಲಾ ನಮ್ಮಪ್ಪನ ಮನೀದೇ."

ಆಮೇಲೆ ಜೀಪಿನ ಕಬ್ಬಿಣದ ಕಂಬಿಗೆ ಹಣೆ ಬಡಿದುಕೊಳ್ಳತೊಡಗಿದಳು. ನಾನು ಒಂದು ಕೈಯಲ್ಲಿ ಸೊಸೆಯ ಕಿವಿ, ಇನ್ನೊಂದು ಕೈಯಲ್ಲಿ ಅತ್ತೆಯ ಹಣೆ ಹಿಡಿದುಕೊಂಡು ಶಹಾಪುರ ಮುಟ್ಟಿದೆ.

ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದರು. ಬಾಗಿಲಿಗೆ ಬಡಿಸಿಕೊಂಡೆ ಎಂದು ಅವಳು ಹೇಳುವ ಮೊದಲೇ ನಾನು ಹೇಳಿದೆ, ಬೆಲ್ಟು, ಗಂಡ, ಕಾಗದ ಎಲ್ಲ. ಪೊಲೀಸರು ಬರೆದುಕೊಂಡರು, ಗಂಡನನ್ನು ಒಯ್ದರು. ಅಲ್ಲಿ ಮೈದುನನನ್ನು ಮೂಲೆಗೆ ಕರೆದು, "ಮೊದಲೇ ಯಾಕ ಬಾಯಿ ಬಿಡಲಿಲ್ಲ?" ಎಂದು ಹಲ್ಲು ಕಡಿದೆ. "ವೈನಿ ಪರ ಒಂದ ಮಾತು ಆಡಿದ್ದರ ಪೋರಿ ನಂದೇ ಅಂತಿದ್ರರಿ. ಇಬ್ಬರನ್ನೂ ಹುಗೀತಿದ್ರು" ಎಂದ. ಮರುದಿನ ಅವನೇ ಮಗುವನ್ನು ಯಾದಗಿರಿಗೆ ಎತ್ತಿಕೊಂಡು ಬಂದ, ನಾನು ಬಾಗಿಲಲ್ಲಿ ಕಾದಿದ್ದೆ. ರಕ್ತ ಒಳಗಿಳಿಯುತ್ತಿದ್ದಂತೆ ಮಗುವಿನ ತುಟಿಗೆ ಬಣ್ಣ ಬಂತು.

ನಡೆದದ್ದನ್ನೆಲ್ಲ ನಾನೇ ಬರೆದು ಮೇಲಿನವರಿಗೆ ಕಳಿಸಿದೆ. ಮುಖ ನೋಡದ್ದು, ಹಾಳೆ ಕೂಡಿಸಿ ಓದದ್ದು, ಇನ್ನೊಬ್ಬರ ಲಕೋಟೆ ಅತ್ತೆಗೆ ಕೊಟ್ಟದ್ದು, ಬ್ಯಾಡ ಎಂದವನಿಗೆ ಚುಚ್ಚಿದ್ದು. ನನ್ನನ್ನು ಹಳ್ಳಿಗಳಿಂದ ತೆಗೆದು ಆಫೀಸಿನಲ್ಲಿ ಕೂರಿಸಿದರು. ಸರಿಯಾಗಿಯೇ ಮಾಡಿದರು. ದೊಡ್ಡ ಯಂತ್ರ ಗಂಡನ ರಕ್ತವನ್ನು ಆಮೇಲೆ ನೋಡಿತು, ಈ ಸಲ ಠಾಣೆಯಿಂದ ಬಂದ ಮೇಲೆ ಅವನೇ ಸಹಿ ಹಾಕಿ ಕೊಟ್ಟದ್ದು. ದೋಷವಿತ್ತು.

ಅವಳು ಆ ಮನೆಗೆ ಹಿಂದಿರುಗಲಿಲ್ಲ. ಯಾದಗಿರಿಯ ಸ್ಟೇಷನ್ ಹಿಂದೆ ಒಂದು ಕೋಣೆ ಹಿಡಿದು, ಬೇಳೆ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದಳು. ಮಗುವಿಗೆ ಆಸ್ಪತ್ರೆ ಹತ್ತಿರ. ತಿಂಗಳಿಗೊಮ್ಮೆ ಅತ್ತೆ ರೊಟ್ಟಿ ಕಟ್ಟಿಕೊಂಡು ಬಂದು, ಬಾಗಿಲ ಹೊರಗೇ ಇಟ್ಟು ಹೋಗುತ್ತಾಳಂತೆ. ಸೊಸೆ ಒಳಗೆ ಕರೆಯುವುದಿಲ್ಲವಂತೆ, ರೊಟ್ಟಿಯನ್ನು ಮಾತ್ರ ತಿನ್ನುತ್ತಾಳಂತೆ.

ಅವಳನ್ನು ನೋಡಲು ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಸಂಜೆ ಐದರ ಹೊತ್ತು. ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ಬರ್ರಿ ಎಂದು ನಕ್ಕು, ಸರಿದು ಜಾಗ ಮಾಡಿಕೊಟ್ಟಳು. ಪಕ್ಕದಲ್ಲಿ ಕೂತೆ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ, ಬೈಯುವುದಾದರೆ ಹೇಳಿಕೊಡಬೇಕಾಗಿಲ್ಲ. ಮಗುವಿನ ಜಡೆ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದೆ. ಅವತ್ತು ಕುರ್ಚಿಯಲ್ಲಿ ಕೂತವನ ಮುಖವನ್ನು ಒಂದು ಸಲ ತಲೆಯೆತ್ತಿ ನೋಡಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಮೂರು ಕಾಗದ ಕೂಡಿಸಿ ಓದಿದ್ದರೂ ಆಗುತ್ತಿರಲಿಲ್ಲ. ನೀನು ನೆಲದ ಮೇಲೆ ಬಿದ್ದಿರುವಾಗಲೂ ನಾನು ನಳಿಕೆ ನೋಡುತ್ತ ಕೂತಿದ್ದೆ. ತಪ್ಪು ನಂದು.

ಅವಳು ಬಾಚುತ್ತಲೇ ಇದ್ದಳು. ಉತ್ತರ ಕೊಡದಿರುವುದೇ ಸರಿ ಎಂದುಕೊಂಡು ಎದ್ದೆ. ಮಗು ನನ್ನತ್ತ ಕೈ ತೋರಿಸಿ ಅವ್ವನ ಸೆರಗು ಜಗ್ಗಿತು. ಅವಳು ತಿರುಗಿದಳು.

"ಏನರ ಅಂದ್ರೇನ್ರಿ ಅಕ್ಕಾ? ಈ ಎಡಗಿವಿ ಹೋಗ್ಯಾದ್ರಿ, ಈ ಕಡಿಂದ ಏನೂ ಕೇಳಂಗಿಲ್ಲ. ಆ ಕಡಿ ಕುಂತು ಹೇಳ್ರಿ."

ನಾನು ಅವಳ ಬೆನ್ನ ಹಿಂದಿನಿಂದ ಬಳಸಿ ಹೋಗಿ ಬಲಕ್ಕೆ ಕೂತೆ. ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದೆ. ಈ ಸಲ ಅವಳು ಬಾಚಣಿಗೆ ಕೆಳಗಿಟ್ಟು, ಹೇಳಿ ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು.